ಹೋಗ್ತಾನಾ, ಹೋಗಬಲ್ಲನಾ?

ನಮ್ಮ ವಠಾರದ ಹುಡುಗನಿಗೆ ಹೋದ ತಿಂಗಳು ಹತ್ತು ತುಂಬಿತು. ಮಾತು ತಡ, ಅಕ್ಷರ ತಡ. ಆದರೆ ಬೀದಿ ತಿರುವಿನಲ್ಲಿ ಬರುತ್ತಿರುವುದು ಯಾರ ಸ್ಕೂಟರ್ ಎಂದು ಸದ್ದಿನಲ್ಲೇ ಹೇಳುತ್ತಾನೆ. ಅವನ ತಾಯಿ ಬಂದು, "ಅಂಕಲ್, ಬುಧವಾರ ಡಿಸೆಬಿಲಿಟಿ ಸರ್ಟಿಫಿಕೇಟ್‌ಗೆ ಟೆಸ್ಟಿಂಗ್ ಇದೆ. ಇವರಿಗೆ ರಜ ಸಿಗ್ಲಿಲ್ಲ. ಜೊತೇಲಿ ಬರ್ತೀರಾ?" ಅಂದಳು. "ಅದಕ್ಕೇನಮ್ಮಾ, ಬರ್ತೀನಿ" ಅಂದೆ.

ಕಂಡದ್ದು, ಕೇಳಿದ್ದು, ತಲೆಗೆ ಹತ್ತದ್ದು ಎಲ್ಲವನ್ನೂ ಹಾಲಿನ ಲೆಕ್ಕದ ಡೈರಿಯ ಹಿಂದಿನ ಹಾಳೆಗಳಲ್ಲಿ ಬರೆದಿಟ್ಟಿದ್ದೇನೆ. ಹಾಲು ಅಂದಾಗ ನೆನಪಾಯಿತು: ಮೂರು ವಾರದಿಂದ ಅವರ ಮನೆಗೂ ನಾನೇ ತರುತ್ತಿದ್ದೇನೆ. ದಿನಾ ನಂದಿನಿ ಬೂತಿಗೆ ಹೋಗುತ್ತಿದ್ದ ಹುಡುಗ ಯಾಕೋ ನಿಂತುಬಿಟ್ಟ. ಜ್ವರವೇನೋ ಅಂದುಕೊಂಡೆ.

*

ಟೆಸ್ಟಿಂಗ್ ಅಂದರೆ ಹುಡುಗನನ್ನು ಕೂರಿಸಿ ಕೇಳುತ್ತಾರೆ ಅಂದುಕೊಂಡಿದ್ದೆ. ಬುದ್ಧಿಮತ್ತೆಯ ಪರೀಕ್ಷೆ ಹಾಗೇ ಇತ್ತಂತೆ, ಅದು ಒಳಕೋಣೆಯಲ್ಲಿ ಮುಗಿದಿತ್ತು. ಎರಡನೆಯದರಲ್ಲಿ ಅವನಿಗೆ ಕೆಲಸವೇ ಇಲ್ಲ. ಅವನು ಮೇಜಿನ ಮೇಲಿನ ಪೇಪರ್‌ವೇಟ್ ತಿರುಗಿಸುತ್ತಿದ್ದ, ಪ್ರಶ್ನೆಗಳೆಲ್ಲ ತಾಯಿಗೆ. ತಾನೇ ಸ್ನಾನ ಮಾಡ್ತಾನಾ? ಗುಂಡಿ ಹಾಕ್ಕೊಳ್ತಾನಾ? ತಲೆ ಬಾಚ್ಕೊಳ್ತಾನಾ? ರಾತ್ರಿ ಯಾರೂ ಹೇಳದೆ ಹೋಗಿ ಮಲಗ್ತಾನಾ? ಒಟ್ಟು 89 ಅಂಶ, ಎಂಟು ವಿಭಾಗ. ಉತ್ತರ ಕೂಡಿಸಿದರೆ 'ಸಾಮಾಜಿಕ ವಯಸ್ಸು' ಬರುತ್ತದೆ. ಅದನ್ನು ನಿಜವಾದ ವಯಸ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿದರೆ ಅಂಕ.

ಇದರ ಹೆಸರು ವೈನ್‌ಲ್ಯಾಂಡ್ ಸೋಷಿಯಲ್ ಮೆಚ್ಯೂರಿಟಿ ಸ್ಕೇಲ್. ವೈನ್‌ಲ್ಯಾಂಡ್ ಇರುವುದು ಅಮೆರಿಕದ ನ್ಯೂಜೆರ್ಸಿಯಲ್ಲಿ. ಅಲ್ಲಿನ ಟ್ರೇನಿಂಗ್ ಸ್ಕೂಲಿನ ಎಡ್ಗರ್ ಡಾಲ್ 1935ರಲ್ಲಿ ಇದನ್ನು ಹೊರತಂದರು. ನಾಗಪುರದ ಎ. ಜೆ. ಮ್ಯಾಲಿನ್ ಭಾರತಕ್ಕೆ ಹೊಂದಿಸಿದರು. ಆಮೇಲೆ ಅದನ್ನು ಪರಿಷ್ಕರಿಸಿದವರು ನಮ್ಮ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿದ್ದ ಜೆ. ಭರತ್ ರಾಜ್, ಕೈಪಿಡಿ ಅಚ್ಚಾದದ್ದೂ ಮೈಸೂರಿನಲ್ಲೇ. ಆ ಸಂಸ್ಥೆ ಇರುವ ಬೋಗಾದಿ ರಸ್ತೆಯಲ್ಲಿ ವರ್ಷಗಟ್ಟಲೆ ಓಡಾಡಿದ್ದೇನೆ. ದೇಶದ ಮಕ್ಕಳನ್ನೆಲ್ಲ ಅಳೆಯುವ ಗಜಕಡ್ಡಿಗೆ ಗೀಟು ಹಾಕಿದ್ದು ಆ ಕಾಂಪೌಂಡಿನೊಳಗೆ ಅಂತ ಗೊತ್ತೇ ಇರಲಿಲ್ಲ.

*

ಅದೇ 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ ರೇಡಿಯೋ ಪ್ರಸಾರ ಶುರುಮಾಡಿದ್ದರು. 'ಆಕಾಶವಾಣಿ' ಎಂಬ ಹೆಸರು ಅಲ್ಲಿಂದಲೇ ಬಂದದ್ದು ಎಲ್ಲರಿಗೂ ಗೊತ್ತು. ಅವರು ಮನಶ್ಶಾಸ್ತ್ರದ ಮೇಷ್ಟ್ರು ಎಂಬುದು ಎಷ್ಟು ಜನಕ್ಕೆ ಗೊತ್ತು? ಲಂಡನ್ನಿನಲ್ಲಿ, ಬುದ್ಧಿಯನ್ನು ಲೆಕ್ಕಕ್ಕೆ ಇಳಿಸಿದ ಸ್ಪಿಯರ್‌ಮನ್ ಬಳಿ ಕಲಿತು ಬಂದು 1924ರಲ್ಲಿ ಇಲ್ಲಿ ಮನಶ್ಶಾಸ್ತ್ರ ವಿಭಾಗ ತೆರೆದರು. ಅದಕ್ಕೂ ಮುಂಚೆ ದೇಶದಲ್ಲಿದ್ದದ್ದು 1916ರ ಕಲ್ಕತ್ತೆಯ ವಿಭಾಗ. ಮನಸ್ಸನ್ನು ಅಳೆಯುವುದು ಈ ಊರಿಗೆ ಹೊಸದಲ್ಲ.

*

ವೈನ್‌ಲ್ಯಾಂಡ್ ಹೆಸರಿನ ಹಿಂದೆ ಕೊಳೆಯೂ ಇದೆ. ಡಾಲ್‌ಗೆ ಮೊದಲು ಅಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಹೆನ್ರಿ ಗೊಡಾರ್ಡ್. ಫ್ರಾನ್ಸಿನ ಬಿನೆ ಪರೀಕ್ಷೆಯನ್ನು ಅಮೆರಿಕಕ್ಕೆ ತಂದವರು, 'ಮೊರಾನ್' ಎಂಬ ಪದ ಹುಟ್ಟಿಸಿದವರು. ಮಂದಬುದ್ಧಿ ರಕ್ತದಲ್ಲಿ ಹರಿದು ಬರುತ್ತದೆ ಎಂದು 1912ರಲ್ಲಿ ಒಂದು ಕುಟುಂಬದ ಕಥೆ ಕಟ್ಟಿ ಪುಸ್ತಕ ಬರೆದರು. ಅದಕ್ಕೆ ಆಧಾರವಿಲ್ಲ ಎಂದು ಆಮೇಲೆ ಬಯಲಾಯಿತು. ಡಾಲ್ ಬಗ್ಗೆ ನನಗೆ ಗೌರವವಿದೆ. ಬುದ್ಧಿಯ ಅಂಕವೊಂದೇ ಸಾಲದು, ಮನುಷ್ಯ ದಿನ ಹೇಗೆ ಕಳೆಯುತ್ತಾನೆ ಅದನ್ನು ನೋಡಿ ಎಂದರಲ್ಲ.

ಆದರೆ ಯಾರ ದಿನ? ಡಾಲ್ ಅವರ ಮೂಲಪಟ್ಟಿಯಲ್ಲಿ ಎಂಟು ವರ್ಷದ ಆಸುಪಾಸಿನ ಒಂದು ಅಂಶ: ಸಾಂಟಾ ಕ್ಲಾಸ್ ನಿಜವಾಗಿ ಇದ್ದಾನೆಂಬ ನಂಬಿಕೆ ಬಿಡುವುದು! ಇನ್ನೊಂದು, ಚಾಕುವಿನಿಂದ ಬ್ರೆಡ್ಡಿಗೆ ಬೆಣ್ಣೆ ಸವರುವುದು. ನಮ್ಮ ಹುಡುಗ ಸಾರನ್ನವನ್ನು ಮೊಣಕೈಗೆ ಇಳಿಯದಂತೆ ಕಲೆಸಿ ತಿನ್ನುತ್ತಾನೆ. ಬಾಳೆಲೆಯಲ್ಲಿ ಅದನ್ನು ಮಾಡಿ ತೋರಿಸಲು ನ್ಯೂಜೆರ್ಸಿಯ ದೊಡ್ಡವರಿಗೆ ಆಗಲಿಕ್ಕಿಲ್ಲ.

*

ಕೇಂದ್ರ ಸರ್ಕಾರದ 2018ರ ಜನವರಿಯ ಮಾರ್ಗಸೂಚಿ ಹೇಳಿದ್ದು ಹೀಗೆ: ಈ ಸ್ಕೇಲಿನಲ್ಲಿ 55ರಿಂದ 69 ಬಂದರೆ ಬೌದ್ಧಿಕ ವೈಕಲ್ಯ ಶೇ. 50. 70ರಿಂದ 84 ಬಂದರೆ ಶೇ. 25. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಮುಖ್ಯ ಸೌಲಭ್ಯಗಳು ಸಿಗಲು ಶೇ. 40 ಬೇಕು. ಅಂದರೆ 69 ಬಂದವನು ಒಳಗೆ, 70 ಬಂದವನು ಹೊರಗೆ.

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದೆ. ಹತ್ತು ವರ್ಷ ಅಂದರೆ 120 ತಿಂಗಳು. ಸಾಮಾಜಿಕ ವಯಸ್ಸು 84 ತಿಂಗಳಾದರೆ 70. 83 ಆದರೆ 69. ನಡುವೆ ಇರುವುದು ಒಂದೇ ತಿಂಗಳು. ಒಂದು 'ಹೌದು', ಒಂದು 'ಇಲ್ಲ'.

ಹತ್ತು ವರ್ಷ ಈ ತಾಯಿ ಶಾಲೆಯವರಿಗೆ, ಅತ್ತೆಗೆ, ಎದುರು ಮನೆಯವರಿಗೆ "ಅವನಿಗೆ ಬರುತ್ತೆ, ಮಾಡ್ತಾನೆ" ಎಂದು ಹೇಳಿಕೊಂಡೇ ಬಂದವಳು. ಬುಧವಾರ ಒಂದು ಗಂಟೆ ಹೊತ್ತು "ಬರಲ್ಲ" ಎನ್ನಬೇಕಿತ್ತು. ಮಗ ಪಕ್ಕದಲ್ಲೇ ಕೂತಿದ್ದ.

*

ಅಳತೆಯದ್ದೇ ಇನ್ನೊಂದು ಪ್ರಸಂಗ. ವಠಾರಕ್ಕೆ ಕಾಲೇಜಿನ ಹುಡುಗಿಯೊಬ್ಬಳು ಡಿಸರ್ಟೇಶನ್ ಫಾರಂ ಹಿಡಿದು ಬಂದಿದ್ದಳು. ಹೆಸರು ಗುಪ್ತವಾಗಿಡುತ್ತೇವೆ ಎಂಬ ಸಾಲು, ಅದರ ಕೆಳಗೇ ಹೆಸರು ಬರೆಯಲು ಜಾಗ. ಮೂಲೆಮನೆ ಅಜ್ಜಿಗೆ ಓದಿದಳು: "ನನ್ನ ಬದುಕಿನ ಮೇಲೆ ನನಗೆ ನಿಯಂತ್ರಣವಿದೆ. ಒಂದರಿಂದ ಐದು, ಎಷ್ಟು ಅಂತ ಹೇಳಿ ಅಜ್ಜಿ."

"ಅದೆಲ್ಲ ಚಾಮುಂಡಿಗೆ ಬಿಟ್ಟಿದ್ದು. ನೀನೇ ಒಂದು ಹಾಕ್ಕೋ."

ಹುಡುಗಿ 1 ಹಾಕಿಕೊಂಡಳು. ಈ ಊರಿನ ಅತ್ಯಂತ ನೆಮ್ಮದಿಯ ಹೆಂಗಸು ಒಂದು ಪ್ರಬಂಧದಲ್ಲಿ ಅಸಹಾಯಕಳಾಗಿ ದಾಖಲಾದಳು.

*

ಹಣೆಪಟ್ಟಿ ಅಂಟಿಸಿದರೆ ಮಗು ಹಾಗೇ ಆಗಿಬಿಡುತ್ತದೆಯೇ? 1939ರಲ್ಲಿ ಅಮೆರಿಕದ ಅಯೋವಾದಲ್ಲಿ ವೆಂಡೆಲ್ ಜಾನ್ಸನ್ ಎಂಬ ಪ್ರಾಧ್ಯಾಪಕರು ಇದನ್ನು ಮಾಡಿಯೇ ನೋಡಿಸಿದರು. ಸ್ವತಃ ಉಗ್ಗುತ್ತಿದ್ದವರು. ಉಗ್ಗು ಹುಟ್ಟುವುದು ಮಗುವಿನ ಬಾಯಲ್ಲಲ್ಲ, ಹೆತ್ತವರ ಕಿವಿಯಲ್ಲಿ ಎಂಬುದು ಅವರ ವಾದ. ಅವರ ವಿದ್ಯಾರ್ಥಿನಿ ಅನಾಥಾಲಯದ 22 ಮಕ್ಕಳ ಮೇಲೆ ಪ್ರಯೋಗ ನಡೆಸಿದಳು. ಸರಿಯಾಗಿ ಮಾತಾಡುತ್ತಿದ್ದ ಕೆಲವರಿಗೆ ನೀನು ಉಗ್ಗುತ್ತೀಯ ಎಂದು ಹೇಳುತ್ತಾ ಬಂದಳು. ಆ ಮಕ್ಕಳು ಬಾಯಿ ಬಿಡಲೇ ಹೆದರಿದರು. ವಿಶ್ವವಿದ್ಯಾಲಯ ಕ್ಷಮೆ ಕೇಳಿದ್ದು 2001ರಲ್ಲಿ. ಪರಿಹಾರ ತೀರ್ಮಾನವಾದದ್ದು 2007ರಲ್ಲಿ. ಅಷ್ಟರಲ್ಲಿ ಆ ಮಕ್ಕಳು ಮುದುಕರಾಗಿದ್ದರು.

*

ಇನ್ನು, ಪರೀಕ್ಷೆಗೆ ಒಳಗಾಗುವವರ ಒಪ್ಪಿಗೆಯ ಮಾತು. ಸೆಲ್ವಿ ಮತ್ತು ಕರ್ನಾಟಕ ಸರ್ಕಾರದ ನಡುವಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು, ಆರೋಪಿಯನ್ನು ಅವನ ಒಪ್ಪಿಗೆ ಇಲ್ಲದೆ ನಾರ್ಕೋ, ಪಾಲಿಗ್ರಾಫ್, ಬ್ರೈನ್ ಮ್ಯಾಪಿಂಗ್ ಪರೀಕ್ಷೆಗೆ ಒಳಪಡಿಸುವಂತಿಲ್ಲ ಎಂದಿತು. ಸಂಶೋಧನೆಯಾದರೆ ಏಳು ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು ಎನ್ನುತ್ತದೆ ಐಸಿಎಂಆರ್‌ನ 2017ರ ಮಾರ್ಗಸೂಚಿ. ಬುಧವಾರದ್ದು ಸಂಶೋಧನೆಯಲ್ಲ, ತಪಾಸಣೆ. ಹಾಗಾಗಿ ಹುಡುಗನನ್ನು ಯಾರೂ ಏನೂ ಕೇಳಲಿಲ್ಲ. ಪೇಪರ್‌ವೇಟ್ ಮಾತ್ರ ಮೆಲ್ಲಗೆ ಅವನ ಕೈಯಿಂದ ತೆಗೆದಿಟ್ಟರು.

*

ಈಗ ಬುಧವಾರ ತಾಯಿಗೆ ಕೇಳಿದ ಆ ಒಂದು ಪ್ರಶ್ನೆ. "ಅಂಗಡಿಗೆ ಹೋಗಿ ಸಣ್ಣಪುಟ್ಟ ಸಾಮಾನು ತರ್ತಾನಾ?"

ಅವನು ಹಾಲು ತರುತ್ತಿದ್ದುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ನೋಟು ಮುಷ್ಟಿಯಲ್ಲಿ ಬಿಗಿದಿರುತ್ತದೆ. ಬೂತಿನವನು ಒಂದೊಂದೇ ಬೆರಳು ಬಿಡಿಸಿ ನೋಟು ತೆಗೆದುಕೊಳ್ಳುತ್ತಾನೆ, ಎರಡು ಪ್ಯಾಕೆಟ್ ಚೀಲಕ್ಕೆ ಹಾಕುತ್ತಾನೆ, ಚಿಲ್ಲರೆಯನ್ನು ಅಂಗಿಯ ಜೇಬಿಗಿಟ್ಟು ಗುಂಡಿ ಹಾಕುತ್ತಾನೆ, ಭುಜ ಹಿಡಿದು ಮನೆಯ ದಿಕ್ಕಿಗೆ ತಿರುಗಿಸುತ್ತಾನೆ. ಹುಡುಗ ನೆಟ್ಟಗೆ ಮನೆಗೆ ಬರುತ್ತಾನೆ. ಹಾಲು ತಂದವರು ಯಾರು? ಹುಡುಗನೋ, ಬೂತಿನವನೋ, ವಾಹನ ಕಡಿಮೆ ಇರುವ ನಮ್ಮ ಬೀದಿಯೋ? ಬೇರೆ ಬಡಾವಣೆಗೆ ಮನೆ ಬದಲಿಸಿದರೆ ಅವನ ಸಾಮಾಜಿಕ ವಯಸ್ಸು ಕಮ್ಮಿಯಾಗುತ್ತದೆಯೇ? 89ರಲ್ಲಿ ಬೂತಿನವನಿಗೆ ಒಂದು ಅಂಕವೂ ಇಲ್ಲ.

"ಇಲ್ಲ ಮೇಡಂ, ಹೋಗಲ್ಲ" ಅಂದಳು ತಾಯಿ.

ಪರೀಕ್ಷಕಿ ಚಿಕ್ಕ ವಯಸ್ಸಿನವರು, ಚುರುಕು. ಪೆನ್ನು ಎತ್ತಿ ಹಿಡಿದು ಕೇಳಿದರು: "ಕಳಿಸಿದ್ರೂ ಹೋಗಲ್ವಾ? ಇಲ್ಲ ನೀವೇ ಕಳಿಸಲ್ವಾ?"

ಪ್ರಶ್ನೆ ಸರಿಯಾದದ್ದೇ. ಮಗು ಮಾಡಬಲ್ಲದೇ ಎಂದಲ್ಲ, ದಿನವೂ ಮಾಡುತ್ತದೆಯೇ ಎಂದು ನೋಡುವ ಸ್ಕೇಲು ಇದು. ಅವಕಾಶವೇ ಸಿಗದ ಮಗುವಿಗೆ ಅನ್ಯಾಯವಾಗಬಾರದೆಂದು ಡಾಲ್ ಅದಕ್ಕೆ ಬೇರೆಯೇ ಒಂದು ಗುರುತು ಇಟ್ಟಿದ್ದರು. ಮಗುವಿನ ಪರವಾಗಿ ಇಟ್ಟ ಆ ಗುರುತು ಬುಧವಾರ ಅಂಕ ಏರಿಸಿ ಮಗುವಿಗೇ ಮುಳುವಾಗುವಂತಿತ್ತು.

ತಾಯಿ ಉತ್ತರ ಕೊಡಲಿಲ್ಲ. ಮೂರು ವಾರದ ಹಾಲಿನ ಲೆಕ್ಕ ನನಗೆ ಆಗ ಹೊಳೆಯಿತು. ಸುಳ್ಳು ಹೇಳಲು ಅವಳಿಗೆ ಬರುವುದಿಲ್ಲ. ಅದಕ್ಕೇ 'ಹೋಗಲ್ಲ' ಎಂಬುದು ನಿಜವಾಗಲಿ ಎಂದು ಮಗನನ್ನು ಬಾಗಿಲಲ್ಲೇ ನಿಲ್ಲಿಸಿದ್ದಳು. ಮೇಡಂ ನನ್ನ ಕಡೆ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅವರು ಏನು ಗುರುತು ಹಾಕಿದರೋ ಕಾಣಿಸಲಿಲ್ಲ.

ತಪ್ಪು ಅವಳದ್ದು ಎಂದು ನಾನು ಬರೆಯಲಾರೆ. ಪರೀಕ್ಷಕಿಯದ್ದಂತೂ ಅಲ್ಲ. 69ಕ್ಕೂ 70ಕ್ಕೂ ನಡುವೆ ಗೀಟು ಎಳೆದವರು ಒಂದು ದಿನ ಆ ಕುರ್ಚಿಯಲ್ಲಿ ಕೂತು ಹೋಗಬೇಕಿತ್ತು.

ಸರ್ಟಿಫಿಕೇಟ್ ಇನ್ನೂ ಬಂದಿಲ್ಲ. ಇವತ್ತು ಬೆಳಿಗ್ಗೆಯೂ ಎರಡು ಮನೆಯ ಹಾಲು ನಾನೇ ತಂದೆ. ಬೂತಿನವನು ಹುಡುಗ ಎಲ್ಲಿ ಎಂದು ಕೇಳಿದ.