ಮೇಷ್ಟ್ರ ಸಿಸಿಲಿ ಪಟ್ಟಿ

ಭಾನುವಾರ ಸಂಜೆ ಆರು ಗಂಟೆಯಾಯಿತೆಂದರೆ ಮೈಸೂರಿನ ಆ ಮನೆಯ ಫೋನು ತಪ್ಪದೆ ಹಾಡುತ್ತದೆ. ಇಟಲಿಯ ಟೂರಿನ್‌ನಲ್ಲಿ ಎಂಜಿನಿಯರಿಂಗ್ ಸ್ನಾತಕೋತ್ತರ ಓದುತ್ತಿರುವ ಮಗಳಿಗೆ ಆಗಿನ್ನೂ ಮಧ್ಯಾಹ್ನ. ಊಟವಾಯಿತೇ, ಚಳಿ ಕಡಿಮೆಯಾಯಿತೇ ಎಂಬ ವಿಚಾರಣೆಯಲ್ಲೇ ಮಾತು ಮುಗಿಯುವುದು ವಾಡಿಕೆ. ಆದರೆ ಒಂದು ಭಾನುವಾರ ಅವಳು ಬೇರೆಯೇ ಸುದ್ದಿ ಹೇಳಿದಳು. ಬಿಡುವಿನ ವೇಳೆಯಲ್ಲಿ ದುಡಿದು ಕೂಡಿಟ್ಟ ಹಣವಿತ್ತು. ಅದರಲ್ಲಿ ಅಪ್ಪ, ಅಮ್ಮನನ್ನು ಎಂಟು ದಿನ ಸಿಸಿಲಿ ದ್ವೀಪಕ್ಕೆ ಕರೆದೊಯ್ಯಬೇಕೆಂಬುದು ಅವಳ ಆಸೆ.

"ದುಡ್ಡು ನನ್ನದು ಅಪ್ಪಾ, ಪ್ಲಾನು ನಿಮ್ಮದು. ನಿಮಗೆ ಕ್ಯಾಮೆರಾ ಹುಚ್ಚು, ಜೊತೆಗೆ ತಿನ್ನುವ ಚಪಲ. ಎರಡಕ್ಕೂ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ" ಎಂದಳು.

ಅಪ್ಪ ನಿವೃತ್ತ ಚರಿತ್ರೆ ಮೇಷ್ಟ್ರು. ಮರುದಿನವೇ ಉದ್ದನೆಯ ನೋಟ್‌ಬುಕ್ಕೊಂದನ್ನು ತಂದು ಪುಟದ ನಡುವೆ ಸ್ಕೇಲಿಟ್ಟು ಗೆರೆ ಎಳೆದರು. ಎಡಗಡೆ 'ಚಿತ್ರ', ಬಲಗಡೆ 'ತಿಂಡಿ'. ಚಿತ್ರದ ಕಲಮಿನಲ್ಲಿ ಕ್ರಿಸ್ತಪೂರ್ವ 5ನೆಯ ಶತಮಾನದ ಅಗ್ರಿಜೆಂತೊ ದೇವಾಲಯಗಳು, 3,300 ಮೀಟರಿಗೂ ಎತ್ತರದ ಎಟ್ನಾ ಜ್ವಾಲಾಮುಖಿ, 1693ರ ಭೂಕಂಪದಲ್ಲಿ ನೆಲಸಮವಾಗಿ ಜೇನುಬಣ್ಣದ ಕಲ್ಲಿನಲ್ಲಿ ಮತ್ತೆ ಎದ್ದು ನಿಂತ ನೋತೊ ಪಟ್ಟಣ, ತ್ರಾಪನಿಯ ಉಪ್ಪಿನ ಗದ್ದೆಗಳು ಮತ್ತು ಗಾಳಿಗಿರಣಿಗಳು. ತಿಂಡಿಯ ಕಲಮಿನಲ್ಲಿ ಕನ್ನೋಲಿ, ಕಸ್ಸಾತ, ಗ್ರನೀತ. ವಾರ ಕಳೆಯುವುದರೊಳಗೆ ಎಂಟು ದಿನಕ್ಕೆ ನಲವತ್ತೊಂದು ಬಾಬತ್ತುಗಳಾದವು!

ಮೆಡಿಟರೇನಿಯನ್ ಸಮುದ್ರದ ಅತಿ ದೊಡ್ಡ ದ್ವೀಪ ಸಿಸಿಲಿ. ಹೆಚ್ಚುಕಡಿಮೆ ಮೈಸೂರು ಜಿಲ್ಲೆಯಂಥ ನಾಲ್ಕು ಜಿಲ್ಲೆಗಳನ್ನು ಸೇರಿಸಿದಷ್ಟು. ಎಂಟು ದಿನದಲ್ಲಿ ಅದನ್ನು ಸುತ್ತಿ ಮುಗಿಸುತ್ತೇನೆನ್ನುವವನು ಬಸ್ಸಿನ ಕಿಟಕಿಯನ್ನಷ್ಟೇ ನೋಡಿ ಬಂದಾನು. ಕಾಲವೂ ನೋಡಬೇಕು. ಬಾದಾಮಿ ಮರ ಹೂ ಬಿಡುವುದು ಫೆಬ್ರುವರಿಯ ಸುಮಾರಿಗೆ. ಉಪ್ಪು ಒಟ್ಟುವುದು ಬೇಸಿಗೆಯಲ್ಲಿ. ಎಟ್ನಾದ ಮಗ್ಗುಲಿನ ಬ್ರೊಂತೆಯಲ್ಲಿ ಪಿಸ್ತಾ ಕೊಯ್ಲು ಬೇಸಿಗೆಯ ಕೊನೆಗೆ, ಅದೂ ವರ್ಷ ಬಿಟ್ಟು ವರ್ಷ. ಎಲ್ಲವನ್ನೂ ಒಂದೇ ಸಲ ನೋಡಲು ಸಾಧ್ಯವೇ ಇಲ್ಲ. ಇನ್ನು ಆಗಸ್ಟಿನ ಬಿಸಿಲೋ, 2021ರಲ್ಲಿ ಸಿರಾಕ್ಯೂಸ್ ಬಳಿ 48.8 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಕೊನೆಗೆ ಮೇ ತಿಂಗಳ ಮೊದಲ ವಾರವೆಂದು ಗೊತ್ತಾಯಿತು.

"ಮಾವಿನಹಣ್ಣಿನ ಕಾಲದಲ್ಲಿ ಊರು ಬಿಡಬೇಕಾ?" ಎಂದು ಅಮ್ಮ ಗೊಣಗಿದರೂ ಬೇಡವೆನ್ನಲಿಲ್ಲ. ಆಕೆಯ ಚಿಂತೆ ಬೇರೆ. "ಮೀನು, ಮಾಂಸ ಮುಟ್ಟದ ನಾನು ಅಲ್ಲಿ ಎಂಟು ದಿನ ಏನು ತಿನ್ನಲಿ?"

ಪಟ್ಟಿಯನ್ನು ಮೊದಲು ತಿದ್ದಿದ್ದು ಈ ಪ್ರಶ್ನೆಯೇ. ಅನ್ನದುಂಡೆಯನ್ನು ಕರಿದು ಮಾಡುವ ಅರಂಚೀನದ ಹೊಟ್ಟೆಯಲ್ಲಿ ಸಾಮಾನ್ಯವಾಗಿ ಮಾಂಸದ ಹೂರಣ, ಕೇಳದೆ ಬಾಯಿಗಿಡುವಂತಿಲ್ಲ. ಆದರೆ ಪಲೆರ್ಮೊ ಪೇಟೆಯ ಪನೆಲ್ಲೆ ಕಡಲೆಹಿಟ್ಟಿನದು. ಹಿಟ್ಟನ್ನು ನೀರಿನಲ್ಲಿ ಗಟ್ಟಿಯಾಗಿ ಕಾಯಿಸಿ, ತೆಳ್ಳಗೆ ಹರಡಿ, ಆರಿದ ಮೇಲೆ ಕತ್ತರಿಸಿ ಎಣ್ಣೆಯಲ್ಲಿ ಕರಿದು ಬನ್ನಿನೊಳಗಿಟ್ಟು ಕೊಡುತ್ತಾರೆ. ನಮ್ಮ ಬಜ್ಜಿಯ ದಾಯಾದಿ. ಅದೇ ಬಾಣಲೆಯಲ್ಲಿ ಬೇರೇನನ್ನಾದರೂ ಕರಿದಿದ್ದಾರೆಯೇ ಎಂದು ಕೇಳಿಕೊಂಡರಾಯಿತು. ಇನ್ನೊಂದು ಕಪೊನಾತ: ಕರಿದ ಬದನೆಕಾಯಿಗೆ ಟೊಮೆಟೊ, ಆಲಿವ್ ಕಾಯಿ, ಹುಳಿಗೆ ವಿನೆಗರ್, ಸಿಹಿಗೆ ಸಕ್ಕರೆ.

"ಗೊಜ್ಜು ಅನ್ನು!" ಎಂದರು ಅಮ್ಮ.

ಮೇಷ್ಟ್ರೊಳಗಿನ ಚರಿತ್ರೆ ಎಚ್ಚೆತ್ತಿತು. 827ರಲ್ಲಿ ಅರಬರು ಸಿಸಿಲಿಯಲ್ಲಿ ಇಳಿದು 831ರಲ್ಲಿ ಪಲೆರ್ಮೊವನ್ನು ಗೆದ್ದರು. ನಿಂಬೆ, ಕಬ್ಬು, ಬದನೆಗಳು ಆ ನೆಲ ಸೇರಿದ್ದು ಅವರ ಜೊತೆಗೆ. ಬದನೆಯ ತವರಾದರೋ ನಮ್ಮ ಕಡೆಯದೇ. ಸಂಸ್ಕೃತದ ಶರ್ಕರ ಅರಬರ ಬಾಯಲ್ಲಿ 'ಸುಕ್ಕರ್' ಆಗಿ, ಇಟಲಿಯಲ್ಲಿ 'ತ್ಸುಕ್ಕೆರೊ' ಆಯಿತು; ಕನ್ನಡದಲ್ಲಿ ಸಕ್ಕರೆ. ಟೊಮೆಟೊ ಮಾತ್ರ ಅಮೆರಿಕದಿಂದ ಸ್ಪೇನಿನವರ ಕೈಯಲ್ಲಿ ಬಂದದ್ದು. 1072ರಲ್ಲಿ ನಾರ್ಮನ್ನರು ಪಲೆರ್ಮೊವನ್ನು ಗೆದ್ದ ಮೇಲೂ ಅರಬ್ ವಿದ್ವಾಂಸರು ಆಸ್ಥಾನ ಬಿಡಲಿಲ್ಲ. 1154ರಲ್ಲಿ ಅಲ್ ಇದ್ರೀಸಿ ತನ್ನ ಹೆಸರಾಂತ ಭೂಪಟವನ್ನು ಮುಗಿಸಿದ್ದು ಅಲ್ಲಿಯ ದೊರೆ ಎರಡನೆಯ ರೋಜರನಿಗಾಗಿ. ಒಂದು ಬಟ್ಟಲು ಗೊಜ್ಜಿನಲ್ಲಿ ಇಷ್ಟೆಲ್ಲ ಇದೆಯೆಂದ ಮೇಲೆ ನೋತೊ, ತ್ರಾಪನಿಗಳಿಗೆ ಗೀಟು ಬಿತ್ತು. ಪಲೆರ್ಮೊಗೆ ನಾಲ್ಕು ದಿನ, ಅಗ್ರಿಜೆಂತೊಗೆ ಒಂದು, ಎಟ್ನಾದ ಬುಡದ ಕತಾನಿಯಾಗೆ ಮೂರು.

ಮುಂದಿನ ಭಾನುವಾರ ಮಗಳು ಒಂದು ಫೋಟೋ ಕಳಿಸಿದಳು. ಪಲೆರ್ಮೊದವರೇ ಆದ ಲೆತಿಸಿಯಾ ಬತ್ತಾಲ್ಯ 1980ರಲ್ಲಿ ತೆಗೆದದ್ದು. ಹಳೆಯ ಬಾಗಿಲಿಗೆ ಒರಗಿ ನಿಂತ ಬಡ ಹುಡುಗಿ, ಕೈಯಲ್ಲಿ ಚೆಂಡು. ಕಣ್ಣು ನೇರ ಕ್ಯಾಮೆರಾದ ಮೇಲೆ. ಬತ್ತಾಲ್ಯ ಪತ್ರಿಕೆಯ ಛಾಯಾಗ್ರಾಹಕಿಯಾಗಿ ವರ್ಷಗಟ್ಟಲೆ ಮಾಫಿಯಾ ಕೊಲೆಗಳ ಚಿತ್ರ ತೆಗೆದವರು, 2022ರಲ್ಲಿ ತೀರಿಕೊಂಡರು. ಮೇಷ್ಟ್ರು ಆ ಹುಡುಗಿಯನ್ನು ಬಹಳ ಹೊತ್ತು ನೋಡಿದರು. ಮೂವತ್ತು ವರ್ಷ ಪಾಠ ಹೇಳಿದವರಿಗೆ ಆ ನೋಟ ಗುರುತಿಲ್ಲದ್ದೇನಲ್ಲ. ಹಿಂದಿನ ಬೆಂಚಿನಿಂದ ಎಷ್ಟೋ ಸಲ ಅವರನ್ನು ನೋಡಿದ್ದೇ ಅದು. ಅವರ ಪಟ್ಟಿಯಲ್ಲಿ ಕಲ್ಲಿತ್ತು, ಬೆಟ್ಟವಿತ್ತು, ಬಣ್ಣವಿತ್ತು. ಮನುಷ್ಯನ ಮುಖ ಒಂದೂ ಇರಲಿಲ್ಲ.

ಖರ್ಚಿನ ಲೆಕ್ಕ ಬರೆಯುವಾಗ ಇನ್ನೊಂದು ಮಾತು ಬಂತು. "ಅಪ್ಪಾ, ಊಟಕ್ಕೆ ಎಷ್ಟು ಅಂತ ಬರೆದಿದ್ದೀರಿ. ಯಾರಿಗೆ ಕೊಡ್ತೀವಿ ಅಂತಲೂ ನೋಡೋಣ. ಅಲ್ಲಿ ಪಿತ್ಸೊ ಅಂತ ಒಂದಿದೆ."

"ಪಿಜ್ಜಾನಾ?"

"ಅಲ್ಲಪ್ಪಾ, ಪಿತ್ಸೊ. ನಮ್ಮ ಕಡೆ ರೌಡಿಗಳ ಮಾಮೂಲು ಅಂತೀವಲ್ಲ, ಅದು."

ಅಂಗಡಿಯವರು ಮಾಫಿಯಾಕ್ಕೆ ತೆರಬೇಕಾದ ಕಪ್ಪ ಅದು. ಪಲೆರ್ಮೊದ ಕೆಲವು ಯುವಕ ಯುವತಿಯರು ಒಂದು ಪಾನಗೃಹ ತೆರೆಯಲು ಹೊರಟು ಖರ್ಚಿನ ಪಟ್ಟಿ ಹಾಕುತ್ತಿದ್ದಾಗ, ಪಿತ್ಸೊ ಕೇಳಿದರೆ ಏನು ಮಾಡುವುದೆಂಬ ಪ್ರಶ್ನೆ ಎದ್ದಿತು. ಉತ್ತರ ಸಿಗಲಿಲ್ಲ. 2004ರ ಜೂನಿನ ಒಂದು ಬೆಳಗ್ಗೆ ಊರು ಕಣ್ಣು ಬಿಡುವಷ್ಟರಲ್ಲಿ ಬೀದಿಬೀದಿಗಳಲ್ಲಿ ಚೀಟಿಗಳು ಅಂಟಿದ್ದವು: ಪಿತ್ಸೊ ತೆರುವ ಜನ ಮಾನವಿಲ್ಲದ ಜನ ಎಂಬರ್ಥದ ಚೀಟಿಗಳು. ಅದರಿಂದ ಹುಟ್ಟಿದ್ದು ಅದ್ದಿಯೋಪಿತ್ಸೊ ಚಳವಳಿ, ಅಂದರೆ ಪಿತ್ಸೊಗೆ ವಿದಾಯ. ಕಪ್ಪ ಕೊಡುವುದಿಲ್ಲವೆಂದು ನಿಂತ ಅಂಗಡಿ, ಹೋಟೆಲುಗಳ ಬಾಗಿಲಿಗೆ ಅದರ ಗುರುತಿನ ಚೀಟಿ ಅಂಟಿರುತ್ತದೆ. ಅವುಗಳ ಪಟ್ಟಿಯೂ ಪ್ರಕಟವಾಗಿದೆ. 1996ರ ಕಾನೂನಿನಂತೆ ಮಾಫಿಯಾದಿಂದ ವಶಪಡಿಸಿಕೊಂಡ ಜಮೀನುಗಳಲ್ಲಿ ಸಹಕಾರ ಸಂಘಗಳು ಗೋಧಿ, ಆಲಿವ್ ಬೆಳೆಯುತ್ತವೆ. ಆ ಗೋಧಿಯ ಪಾಸ್ತ ಅಂಗಡಿಗಳಲ್ಲಿ ಸಿಗುತ್ತದೆ.

ಮೇಷ್ಟ್ರು ಸುಮ್ಮನಿದ್ದರು. ಮಗಳು ದೂರ ದೇಶದಲ್ಲಿ ಕಲಿಯುತ್ತಿರುವುದು ಎಂಜಿನಿಯರಿಂಗ್ ಮಾತ್ರ ಎಂದು ಅವರು ಅದುವರೆಗೆ ತಿಳಿದಿದ್ದರು.

"ಪುಟ್ಟೀ, ಎಲ್ಲಿ ಉಣ್ಣಬೇಕು ಅನ್ನೋದನ್ನ ನೀನೇ ಬರಿ. ಆ ಕಲಂ ನಿನ್ನದು" ಎಂದರು. ಪಟ್ಟಿಯ ಯಜಮಾನಿಕೆಯನ್ನು ಅವರು ಅಷ್ಟು ಸುಲಭವಾಗಿ ಬಿಟ್ಟುಕೊಟ್ಟದ್ದು ಕಂಡು ಅಮ್ಮನಿಗೇ ಆಶ್ಚರ್ಯ.

ಆ ರಾತ್ರಿ ಅವರು ಪುಟದಲ್ಲಿ ಮೂರನೆಯ ಗೆರೆ ಎಳೆದು 'ಹೆಸರು, ವಿಳಾಸ' ಎಂದು ಬರೆದರು. ಪ್ರತಿವರ್ಷ ತರಗತಿಯ ಗ್ರೂಪ್ ಫೋಟೋ ತೆಗೆದು, ಪ್ರಿಂಟು ಹಾಕಿಸಿ ಪ್ರತಿ ಮಗುವಿಗೂ ಒಂದೊಂದು ಪ್ರತಿ ಕೊಡುತ್ತಿದ್ದವರು ಅವರು. ಸಿಸಿಲಿಯಲ್ಲೂ ಯಾರ ಮುಖ ತೆಗೆದರೂ ವಿಳಾಸ ಕೇಳಿ ಪ್ರಿಂಟು ಕಳಿಸಬೇಕು. ಫಿಲ್ಮ್ ರೋಲಿನ ಲೆಕ್ಕದಲ್ಲಿ ದಿನಕ್ಕೆ 36 ಚಿತ್ರ, ಅದಕ್ಕಿಂತ ಒಂದೂ ಹೆಚ್ಚಿಲ್ಲ. ಪೇಟೆಯಲ್ಲಿ ಮೊದಲು ತಿನ್ನುವುದು, ಮಾತಾಡಿಸುವುದು, ಆಮೇಲೆ ಕ್ಯಾಮೆರಾ. ಮಗಳು ಫೋನಿನಲ್ಲಿ ಹೇಳಿಕೊಟ್ಟ 'ಪೊಸ್ಸೊ?' ಎಂಬ ಒಂದೇ ಇಟಾಲಿಯನ್ ಪದ, ತೆಗೆಯಬಹುದೇ ಎಂದು ಕೇಳುವ ಪದ, ಪುಟದ ನೆತ್ತಿಯಲ್ಲಿ ಕೆಂಪು ಶಾಯಿಯಲ್ಲಿ ಕುಳಿತಿತು.

ಹೊರಡುವ ಹಿಂದಿನ ದಿನ ಪೆಟ್ಟಿಗೆ ಕಟ್ಟುವಾಗ ಬಟ್ಟೆಗಳ ನಡುವೆ ಸಣ್ಣಸಣ್ಣ ಪೊಟ್ಟಣಗಳು ಸಿಕ್ಕವು. ಬಿಚ್ಚಿದರೆ ಗೊಜ್ಜಿನ ಪುಡಿ, ಎಣಿಸಿದರೆ ಹತ್ತು.

"ಇದೆಲ್ಲ ಯಾಕೆ? ತೂಕ ಜಾಸ್ತಿಯಾಗುತ್ತೆ" ಎಂದರು ಮೇಷ್ಟ್ರು.

"ಅವರ ಫೋಟೋ ತಗೋತೀರಿ, ಅವರ ಊಟ ಉಣ್ತೀರಿ. ಕೊಡೋದಕ್ಕೂ ಏನಾದರೂ ಬೇಡವೇನ್ರೀ?" ಎಂದರು ಅಮ್ಮ.

ಮೇಷ್ಟ್ರು ತಮ್ಮ ಎರಡು ಅಂಗಿಗಳನ್ನು ತೆಗೆದು ಪಕ್ಕಕ್ಕಿಟ್ಟು, ಪೊಟ್ಟಣಗಳನ್ನು ಒಳಗಿಟ್ಟು ಪೆಟ್ಟಿಗೆ ಮುಚ್ಚಿದರು.