ಹಳೆಯ ಜೀಪಿನ ಹೊಸ ಉಸಿರು

ಮೈಸೂರಿನಿಂದ ಹುಣಸೂರಿನ ಕಡೆಗೆ ಹೊರಟವರಿಗೆ ನಗರವು ಮುಗಿಯಿತೆಂಬ ಭಾವನೆ ಮೂಡುವುದಕ್ಕೆ ಮುಂಚೆಯೇ ಹೂಟಗಳ್ಳಿ ಎದುರಾಗುತ್ತದೆ. ಒಂದು ಕಾಲಕ್ಕೆ ಹೊಲಗಳ ನಡುವಣ ಹಳ್ಳಿ, ಅನಂತರ ಕೈಗಾರಿಕಾ ಪ್ರದೇಶ, 2020ರಲ್ಲಿ ನಗರಸಭೆ. ಕನ್ನಡದಲ್ಲಿ ಹೂಟವೆಂದರೆ ಎತ್ತನ್ನು ನೊಗಕ್ಕೆ ಕಟ್ಟುವುದು. ಉಪಾಯ, ಸಂಚು ಎಂಬ ಅರ್ಥವೂ ಆ ಮಾತಿಗುಂಟು. ಊರಿನ ಹೆಸರಿಗೂ ಈ ಮಾತಿಗೂ ನಂಟಿರಲಿ, ಬಿಡಲಿ, ಅಲ್ಲಿಯ ಗೃಹಮಂಡಲಿಯ ಬಡಾವಣೆಯ ಒಂದು ಅಂಗಳದಲ್ಲಿ ಸಂಕ್ರಾಂತಿಯಿಂದ ಶ್ರಾವಣದವರೆಗೆ ನಡೆದ ಕೆಲಸಕ್ಕೆ ಎರಡು ಅರ್ಥಗಳೂ ಸಲ್ಲುತ್ತಿದ್ದವು. ಮೂವತ್ತು ವರ್ಷಕ್ಕೂ ಹಳೆಯದಾದ ಒಂದು ಜೀಪಿನ ನೊಗಕ್ಕೆ ಅಲ್ಲಿ ಹೊಸ ಎತ್ತನ್ನು ಹೂಡಲಾಯಿತು.

ಆ ಮನೆಯಲ್ಲಿ ಮೂರು ತಲೆಮಾರಿನ ಮೂವರು ಗಂಡಸರು. ಹಿರಿಯರಿಗೆ ಎಂಬತ್ತನಾಲ್ಕು ದಾಟಿದೆ. ಕಿವಿ ಮಂದ, ಕಣ್ಣು ಚುರುಕು. ಸೋಮವಾರಪೇಟೆಯ ಕಡೆಯ ಒಂದು ಕಾಫಿ ತೋಟದಲ್ಲಿ ಆಯುಷ್ಯದ ಬಹುಭಾಗ ಚಾಲಕರಾಗಿದ್ದವರು. ಅವರ ಮಗ, ಅಂದರೆ ಮನೆಯ ಯಜಮಾನರು, ಹೂಟಗಳ್ಳಿಯ ಕಾರ್ಖಾನೆಯಲ್ಲಿ ಭಾರೀ ವಾಹನಗಳ ಅಚ್ಚುಗಳನ್ನು ಜೋಡಿಸುವ ಕೆಲಸಮಾಡಿ ನಿವೃತ್ತರಾದವರು. 1981ರಲ್ಲಿ ಸ್ಥಾಪಿತವಾದ ಆಟೋಮೋಟಿವ್ ಆಕ್ಸೆಲ್ಸ್ ಸಂಸ್ಥೆ ಈ ಊರಿನಲ್ಲೇ ಇರುವುದರಿಂದ, ಲಾರಿಯ ಹಿಂದಿನ ಅಚ್ಚೆಂದರೇನು, ಅದು ಎಷ್ಟು ಭಾರ ಹೊರುತ್ತದೆ ಎಂಬುದು ಇಲ್ಲಿನ ಎಷ್ಟೋ ಮನೆಗಳಲ್ಲಿ ಊಟದ ಹೊತ್ತಿನ ಮಾತು. ಮೂರನೆಯವನು ಮೊಮ್ಮಗ, ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗ, ಶನಿವಾರ ಬಂದು ಭಾನುವಾರ ರಾತ್ರಿ ಹಿಂದಿರುಗುವವನು.

ಜೀಪು ಬಂದದ್ದು ಹಿರಿಯರ ಕಡೆಯಿಂದ. 1991ರಲ್ಲಿ ಮಡಿಕೇರಿಯಲ್ಲಿ ನೋಂದಣಿಯಾದ ಮಹೀಂದ್ರ ಎಂ.ಎಂ. 540. ಮೇಲೆ ಕ್ಯಾನ್‌ವಾಸಿನ ಮುಸುಕು. ಬಿಚ್ಚಿ ಮಡಿಚಿದರೆ ಆಕಾಶವೇ ಚಾವಣಿ. ವಿದೇಶಗಳಲ್ಲಿ ಸಿರಿವಂತರು ಮುಸುಕು ತೆರೆಯುವ ಕಾರುಗಳನ್ನು ವಿಹಾರಕ್ಕೆಂದು ಕೊಳ್ಳುತ್ತಾರೆ. ಕೊಡಗಿನ ತೋಟಗಳಲ್ಲಿ ಅದೇ ಸೌಕರ್ಯವನ್ನು ಗೊಬ್ಬರದ ಮೂಟೆ, ಕಾಫಿ ಚೀಲ, ಆಳುಗಳ ಮಕ್ಕಳು ದಶಕಗಳಿಂದ ಅನುಭವಿಸಿವೆ. ತೋಟ ಕೈ ಬದಲಾಯಿಸಿದಾಗ ಧಣಿಗಳು ಈ ವಾಹನವನ್ನು ಚಾಲಕರಿಗೇ ಬಿಟ್ಟುಕೊಟ್ಟರು. ಅಂದಿನಿಂದ ಅದು ಹೂಟಗಳ್ಳಿಯ ಹೊಂಗೆಮರದ ನೆರಳಿನ ನಿವಾಸಿ.

ಅದರೊಳಗಿದ್ದದ್ದು ಫ್ರಾನ್ಸಿನ ಪ್ಯೂಜೋ ಸಂಸ್ಥೆಯ ವಿನ್ಯಾಸದ ಡೀಸೆಲ್ ಎಂಜಿನ್ನು. ಗಾತ್ರ 2112 ಸಿ.ಸಿ., ಶಕ್ತಿ 62 ಅಶ್ವಶಕ್ತಿ. ಮಿತಭಾಷಿಯಲ್ಲ, ಬೆಳಗಿನ ಜಾವ ಅದನ್ನು ಎಬ್ಬಿಸಿದರೆ ಇಡೀ ಬೀದಿ ಎದ್ದು ಕೂರುತ್ತಿತ್ತು. ವರ್ಷಗಳು ಕಳೆದಂತೆ ಅದು ಎಣ್ಣೆ ಕುಡಿಯತೊಡಗಿತು. ಏರಿನಲ್ಲಿ ಕಪ್ಪು ಹೊಗೆ ಕಾರತೊಡಗಿತು. ಕೊನೆಗೊಂದು ದಿನ ಬಿಳಿಕೆರೆಯ ಬಳಿ ಬಿಸಿಯೇರಿ ನಿಂತೇ ಬಿಟ್ಟಿತು. ಹದಿನೈದು ವರ್ಷ ತುಂಬಿದ ವಾಹನದ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕಷ್ಟೆ. 2022ರ ಏಪ್ರಿಲಿನಲ್ಲಿ ಆ ಶುಲ್ಕ 600 ರೂಪಾಯಿಯಿಂದ 5000ಕ್ಕೆ ಏರಿತ್ತು. ಗುಜರಿಯವನು ಎರಡು ಬಾರಿ ಬಂದು ಬೆಲೆ ಕೇಳಿಹೋದ. ಆಗಲೇ ಮೊಮ್ಮಗ ಬಾಯಿತೆರೆದದ್ದು: ಹಳೆಯದನ್ನು ತೆಗೆದು ಟರ್ಬೋ ಎಂಜಿನ್ನು ಕೂರಿಸೋಣ, ಅದೂ ಮನೆಯಲ್ಲಿಯೇ.

ಟರ್ಬೋ ಎಂದರೇನೆಂದು ಒಂದೆರಡು ಮಾತು ಹೇಳುವುದು ಅಗತ್ಯ. ಎಂಜಿನ್ನು ಉಸಿರಾಡುವ ಪ್ರಾಣಿ. ಎಷ್ಟು ಗಾಳಿಯನ್ನು ಒಳಗೆ ಸೆಳೆದುಕೊಳ್ಳುವುದೋ ಅಷ್ಟಕ್ಕೆ ತಕ್ಕ ಇಂಧನವನ್ನು ಮಾತ್ರ ಅದು ಚೆನ್ನಾಗಿ ಉರಿಸಬಲ್ಲುದು. ಉರಿದ ಮೇಲೆ ಹೊರಬೀಳುವ ಬಿಸಿಹೊಗೆಯಲ್ಲಿ ಸಾಕಷ್ಟು ಶಕ್ತಿ ಉಳಿದೇ ಇರುತ್ತದೆ. ಸಾಮಾನ್ಯ ವಾಹನದಲ್ಲಿ ಅದು ವ್ಯರ್ಥವಾಗಿ ಬೀದಿಪಾಲು. ಆ ಹೊಗೆಯ ದಾರಿಯಲ್ಲಿ ಒಂದು ಪುಟ್ಟ ಚಕ್ರವನ್ನಿಟ್ಟು, ಅದೇ ಕಂಬಿಯ ಇನ್ನೊಂದು ತುದಿಗೆ ಇನ್ನೊಂದು ಚಕ್ರವನ್ನು ಕೂಡಿಸಿದರೆ, ಹೊರಹೋಗುವ ಹೊಗೆಯೇ ಒಳಬರುವ ಗಾಳಿಯನ್ನು ಒತ್ತಿ ತುಂಬುತ್ತದೆ. ಸ್ವಿಟ್ಜರ್‌ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರು 1905ರಲ್ಲಿಯೇ ಈ ಉಪಾಯಕ್ಕೆ ಹಕ್ಕುಪತ್ರ ಪಡೆದಿದ್ದನು. ಆದರೆ ಕಾರುಗಳಿಗೆ ಅದು ಇಳಿದುಬಂದದ್ದು 1962ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಮತ್ತು ಶೆವರ್ಲೆ ಕಾರ್ವೇರ್‌ಗಳಲ್ಲಿ. ಜೆಟ್‌ಫೈರಿನ ಕಥೆ ಸ್ವಾರಸ್ಯವಾದುದು. ಅದಕ್ಕೆ ಪೆಟ್ರೋಲಲ್ಲದೆ ನೀರು ಮತ್ತು ಮದ್ಯಸಾರ ಬೆರೆಸಿದ ಇನ್ನೊಂದು ದ್ರವವನ್ನೂ ತುಂಬಬೇಕಾಗಿತ್ತು. ಮಾಲೀಕರು ಮರೆತರು, ಗಾಡಿ ನಿಶ್ಶಕ್ತವಾಯಿತು, ಕೊನೆಗೆ ಎಷ್ಟೋ ಕಾರುಗಳಿಂದ ಟರ್ಬೋವನ್ನು ಬಿಚ್ಚಿಹಾಕಿ ಸಾಧಾರಣ ಏರ್ಪಾಟನ್ನೇ ಮರಳಿ ಜೋಡಿಸಿಕೊಟ್ಟರಂತೆ. ಮೇಲಿನ ಶಕ್ತಿಯನ್ನು ತರುವುದಕ್ಕಿಂತ ಅದನ್ನು ದಿನನಿತ್ಯ ಸಾಕುವುದು ಕಷ್ಟ.

ಮೊಮ್ಮಗನು ಮೊದಲ ವಾರವೇ ಒಂದು ಎಂಜಿನ್ನನ್ನು ಗೂಡ್ಸ್ ಆಟೋದಲ್ಲಿ ಹೇರಿಸಿಕೊಂಡು ಬಂದ. ಅಗ್ಗದ ಮಾಲು. ಯಜಮಾನರು ಕನ್ನಡಕ ಏರಿಸಿಕೊಂಡು, ಚಿಂದಿಬಟ್ಟೆಯಿಂದ ಮಸಿ ಒರೆಸಿ, ಸಂಖ್ಯೆ ಕೊರೆದಿರುವ ಜಾಗವನ್ನು ಬೆರಳಿನಿಂದ ಸವರಿ ನೋಡಿದರು. ಅಲ್ಲಿ ಸಂಖ್ಯೆಯಿರಲಿಲ್ಲ, ಅರದಿಂದ ಉಜ್ಜಿದ ಹೊಳಪಿತ್ತು. "ಇದು ಯಾರ ಮನೆಯ ಅಂಗಳದಿಂದ ಬಂದದ್ದೋ, ಇವತ್ತೇ ಹಿಂದಕ್ಕೆ ಹೋಗಲಿ" ಎಂದರು. ಮಗ ವಾದಿಸಿದ. ಕೊಟ್ಟ ಹಣ ಪೂರ್ತಿ ವಾಪಸಾಗಲಿಲ್ಲ. ತಂದೆ–ಮಕ್ಕಳು ಮೂರು ವಾರ ಅಡುಗೆಮನೆಯ ಮೂಲಕವೇ ಮಾತಾಡಿದರು.

ಯಜಮಾನರ ಹಟಕ್ಕೆ ಕಾರಣವಿತ್ತು. 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಕಲಮಿನ ಪ್ರಕಾರ, ನೋಂದಣಿ ಪುಸ್ತಕದ ವಿವರವು ತಯಾರಕರು ಮೊದಲು ಕೊಟ್ಟ ವಿವರಕ್ಕೆ ವ್ಯತಿರಿಕ್ತವಾಗುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದಿಂದ ಬಂದ ಮೊಕದ್ದಮೆಯೊಂದರಲ್ಲಿ ಈ ನಿಯಮವನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಟಿಗೂ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೆ 5000 ರೂಪಾಯಿ ದಂಡ, ಇಲ್ಲವೆ ಎರಡೂ ಎಂದು ಬರೆದರು. "ಎಲ್ಲರೂ ಮಾಡುತ್ತಾರೆ" ಎಂಬುದು ಮಗನ ವಾದ. ಅದು ಸುಳ್ಳೂ ಅಲ್ಲ. ಆದರೆ ರಸ್ತೆಯಲ್ಲಿ ಒಂದು ಅಪಘಾತವಾದರೆ ವಿಮೆಯ ಕಂಪನಿಯವರು ಮೊದಲು ಕೇಳುವುದು ಆ ಪುಸ್ತಕವನ್ನು ಎಂಬುದೂ ಸುಳ್ಳಲ್ಲ. ಕಡೆಗೆ ಅರ್ಜಿ ಹೋಯಿತು. ಅದೇ ತಯಾರಕರ, ಅದೇ ಡೀಸೆಲಿನ ಎಂಜಿನ್ನನ್ನು ಕೂರಿಸುವುದಾಗಿ ಬರೆದು ಒಪ್ಪಿಗೆ ಬೇಡಿದರು. ಒಪ್ಪಿಗೆಯ ಪತ್ರ ಬರುವವರೆಗೆ ಜೀಪು ಗೋಣಿತಾಟು ಹೊದ್ದು ಮಲಗಿತ್ತು.

ಎರಡನೆಯ ಎಂಜಿನ್ನು ಬಂದದ್ದು ಗುದ್ದಿಸಿಕೊಂಡು ಕೆಟ್ಟ ಮಹೀಂದ್ರ ವಾಹನವೊಂದರಿಂದ. ರಸೀದಿಯೂ, ಹಳೆಯ ನೋಂದಣಿ ರದ್ದಾದ ಕಾಗದವೂ ಜೊತೆಗಿದ್ದವು. 2523 ಸಿ.ಸಿ.ಯ ಟರ್ಬೋ ಡೀಸೆಲು; ಶಕ್ತಿ 63 ಅಶ್ವಶಕ್ತಿ. ಇದನ್ನು ಕೇಳಿ ಪಕ್ಕದ ಮನೆಯವರು ನಕ್ಕರು: ಇಷ್ಟೆಲ್ಲ ರಗಳೆ ಒಂದೇ ಒಂದು ಕುದುರೆಗಾಗಿಯೇ? ನಗುವುದಕ್ಕೆ ಕಾರಣವಿಲ್ಲ. ಅಶ್ವಶಕ್ತಿಯೆನ್ನುವುದು ಕೆಲಸ ಎಷ್ಟು ಬೇಗ ಆಗುತ್ತದೆಂಬ ಲೆಕ್ಕ. ಏರು ಹತ್ತುವಾಗ ಬೇಕಾಗುವುದು ಗಾಲಿಯನ್ನು ತಿರುಗಿಸುವ ತಿರುಚುಬಲ. ಹೊಸ ಎಂಜಿನ್ನಿನ ತಿರುಚುಬಲ ಹಳೆಯದಕ್ಕಿಂತ ಸುಮಾರು ಒಂದೂವರೆ ಪಟ್ಟು. ಅದೂ ನಿಧಾನವಾಗಿ ಸುತ್ತುವಾಗಲೇ ದೊರೆಯುವಂಥದು. ಯಜಮಾನರ ನಿದ್ದೆ ಕೆಡಿಸಿದ್ದು ಈ ಅರ್ಧಪಟ್ಟೇ. ಎಂಜಿನ್ನು ಕೊಡುತ್ತದೆ, ಸರಿ. ಹಿಂದಿನ ಅಚ್ಚು ತೆಗೆದುಕೊಳ್ಳಬೇಕಲ್ಲ!

ಇಬ್ಬರ ಬಾಯಿಗೂ ಮಾತು ಮರಳಿದ್ದು ಹಳೆಯ ಎಂಜಿನ್ನನ್ನು ಎತ್ತುವ ದಿನ. ಹೊಂಗೆಯ ಕೊಂಬೆಗೆ ಸರಪಣಿರಾಟೆ ಕಟ್ಟೋಣವೆಂದ ಮಗನನ್ನು ತಂದೆ ತಡೆದು, ಮೂರು ಉಕ್ಕಿನ ಕೊಳವೆಗಳ ಮುಕ್ಕಾಲಿಯನ್ನು ಬಾಡಿಗೆಗೆ ತರಿಸಿದರು. ಇನ್ನೂರು ಕಿಲೋವಿಗೂ ಮಿಕ್ಕಿದ ಎರಕದ ಕಬ್ಬಿಣ. ಕೊಂಬೆ ಮುರಿದರೆ ಕಾಲಿನ ಬೆಲೆ ತೆರಬೇಕು. ನೀರು, ಎಣ್ಣೆ ಬಸಿದು, ಮುಂದಿನ ಜಾಲರಿ ಬಿಚ್ಚಿ, ತಂತಿಗಳಿಗೆ ಒಂದೊಂದು ಚೀಟಿ ಕಟ್ಟಿ, ರಾಟೆಯ ಸರಪಣಿಯನ್ನು ಒಂದೊಂದು ಕೊಂಡಿಯಾಗಿ ಎಳೆದರು. ಹಿರಿಯರು ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ನೋಡುತ್ತಿದ್ದರು. ಎಂಜಿನ್ನು ಗಾಳಿಯಲ್ಲಿ ತೂಗಾಡಿದಾಗ ಅವರು ಅಂದದ್ದು ಇಷ್ಟೇ: "ಮಾರಬೇಡಿ." ಅದನ್ನು ಗ್ರೀಸು ಬಳಿದು, ಪ್ಲಾಸ್ಟಿಕ್ಕು ಸುತ್ತಿ, ಹಿತ್ತಲಿನ ಕೊಟ್ಟಿಗೆಯಲ್ಲಿ ಹಲಗೆಯ ಮೇಲೆ ಕೂರಿಸಿದರು.

ಹಳೆಯ ಗೇರುಪೆಟ್ಟಿಗೆಯ ಮುಖಕ್ಕೂ ಹೊಸ ಎಂಜಿನ್ನಿನ ಬೆನ್ನಿಗೂ ಹೊಂದಿಕೆಯಿರಲಿಲ್ಲ. ನಡುವೆ ದಪ್ಪನೆಯ ಉಕ್ಕಿನ ತಟ್ಟೆಯೊಂದನ್ನು ಕಡೆಸಿ ಕೂರಿಸಬೇಕಾಯಿತು. ಕೇಳುವುದಕ್ಕೆ ಸುಲಭ. ಆದರೆ ಎಂಜಿನ್ನಿನ ಅಕ್ಷವೂ ಗೇರುಪೆಟ್ಟಿಗೆಯ ಅಕ್ಷವೂ ಒಂದೇ ನೇರದಲ್ಲಿ ನಿಲ್ಲಬೇಕು. ಮಿಲಿಮೀಟರಿನ ಹತ್ತರಲ್ಲೊಂದು ಭಾಗದ ಓರೆಯೂ ಕೆಲವೇ ತಿಂಗಳಲ್ಲಿ ಬೇರಿಂಗನ್ನು ತಿಂದುಹಾಕೀತು. ಯಜಮಾನರು ಮುಳ್ಳಿನ ಮಾಪಕವನ್ನು ಹಚ್ಚಿ, ಚಕ್ರವನ್ನು ಕೈಯಿಂದ ತಿರುಗಿಸುತ್ತ, ಮುಳ್ಳು ಅಲುಗಿದಾಗಲೆಲ್ಲ ತಟ್ಟೆಯನ್ನು ಮತ್ತೆ ಬಿಚ್ಚಿದರು. ನಾಲ್ಕು ಭಾನುವಾರಗಳು ಆ ಮುಳ್ಳಿಗೇ ಸಂದವು. ಮೈಸೂರಿನಲ್ಲಿ ಇಂಥ ತಾಳ್ಮೆ ಅಪರೂಪವಲ್ಲ. ಯಾದವಗಿರಿಯಲ್ಲಿ 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಮೋಟಾರು ಸೈಕಲ್ಲುಗಳನ್ನು ಇಂದಿಗೂ ಓಡಿಸುತ್ತಿರುವ ಊರು ಇದು. ಅಂಗಡಿಯಲ್ಲಿ ಸಿಗದ ಭಾಗವನ್ನು ಕಡೆದು ಮಾಡಿಕೊಳ್ಳುವುದು ಇಲ್ಲಿ ಒಂದು ಕುಲಕಸುಬೇ ಆಗಿಹೋಗಿದೆ.

ಅನಂತರ ಹಿಂದಿನ ಅಚ್ಚಿನ ಸರದಿ. ಅದರ ಹೊಟ್ಟೆಯನ್ನು ತೆರೆದು, ದೊಡ್ಡ ಹಲ್ಲುಗಾಲಿಗೆ ನೀಲಿ ಬಣ್ಣವನ್ನು ತೆಳ್ಳಗೆ ಸವರಿ ಮೆಲ್ಲನೆ ತಿರುಗಿಸಿದರು. ಹಲ್ಲಿಗೆ ಹಲ್ಲು ಎಲ್ಲಿ ತಾಗುತ್ತದೆಂಬುದನ್ನು ಬಣ್ಣ ಅಳಿಸಿದ ಗುರುತೇ ಹೇಳುತ್ತದೆ. ಗುರುತು ಹಲ್ಲಿನ ನಡುವೆ ಮೂಡಬೇಕು. ಇಲ್ಲಿ ಅಂಚಿಗೆ ಸರಿದಿತ್ತು. ಯಜಮಾನರು ಮಗನನ್ನು ಕರೆದು ತೋರಿಸಿದರು. ಮೂವತ್ತು ವರ್ಷ ಅವರು ಕಾರ್ಖಾನೆಯಲ್ಲಿ ಏನು ಮಾಡುತ್ತಿದ್ದರೆಂಬುದನ್ನು ಮಗ ಕಣ್ಣಾರೆ ಕಂಡದ್ದು ಅದೇ ಮೊದಲು. ಹಲ್ಲುಗಾಲಿಗಳೆರಡನ್ನೂ ಜೋಡಿಯಾಗಿಯೇ ಬದಲಾಯಿಸಿದರು. ಒಂದನ್ನು ಹೊಸದು, ಒಂದನ್ನು ಹಳೆಯದು ಇಟ್ಟರೆ ಅವು ಒಂದನ್ನೊಂದು ಕಡಿದುಕೊಳ್ಳುತ್ತವೆ. ಎಂಜಿನ್ನಿಗೆ ಎಣಿಸಿಟ್ಟಿದ್ದ ಹಣ ಅಲ್ಲಿಗೆ ಎರಡರಷ್ಟಾಗಿತ್ತು.

ಇಷ್ಟಾದ ಮೇಲೆ ಕೆಲಸ ಮುಗಿಯಿತೆಂದೇ ಮಗ ಭಾವಿಸಿದ್ದ. ಹಿರಿಯರು ಒಂದು ಸಂಜೆ ಊರುಗೋಲಿನಿಂದ ಗಾಲಿಯನ್ನು ತಟ್ಟಿ, "ಇದು ಬೇಗ ಹತ್ತುತ್ತದೆ ಅಂತೀರಿ. ಇಳಿಯುವಾಗ?" ಎಂದು ಕೇಳಿದರು. ಯಾರೂ ಉತ್ತರ ಕೊಡಲಿಲ್ಲ. ಅವರು ಮಳೆಗಾಲದ ಕೆಸರಿನಲ್ಲಿ, ಒಂದನೆಯ ಗೇರಿನಲ್ಲಿ, ಹಿಂದೆ ಹನ್ನೆರಡು ಜನರನ್ನು ಹೇರಿಕೊಂಡು ತೋಟದ ಇಳಿಜಾರನ್ನು ಸಾವಿರಾರು ಸಲ ಇಳಿದವರು. ಮಾರನೆಯ ವಾರ ನಾಲ್ಕು ಗಾಲಿಗಳೂ ಕಳಚಿದವು. ಬ್ರೇಕಿನ ಕೊಳವೆಗಳಲ್ಲಿ ಎರಡು ತುಕ್ಕು ಹಿಡಿದು ಹಾಳೆಯಂತಾಗಿದ್ದವು. ಒಂದನ್ನು ಹಿಸುಕಿದರೆ ಬೆರಳಿಗೆ ದ್ರವ ಒಸರಿತು. ಬ್ರೇಕನ್ನು ಅಡಿಯಿಂದ ಮುಡಿಯವರೆಗೆ ಹೊಸದಾಗಿ ಮಾಡಿದರು. ಇದನ್ನು ಮೊದಲೇ ನೋಡಬೇಕಾಗಿತ್ತೆಂದು ಯಜಮಾನರು ತಮ್ಮನ್ನೇ ಬೈದುಕೊಂಡರು, ಮಗ ಸುಮ್ಮನಿದ್ದ.

ಟರ್ಬೋವಿಗೆ ಎಣ್ಣೆ ಹೋಗುವ ದಾರಿ, ಮರಳಿ ಬರುವ ದಾರಿ ಎಂದು ಎರಡುಂಟು. ಹೋಗುವುದಕ್ಕೆ ಒತ್ತಡವಿದೆ; ಬರುವುದಕ್ಕೆ ಇಳಿಜಾರೇ ಗತಿ. ಮರಳುವ ಕೊಳವೆ ಒಂದೆಡೆ ಕೊಂಚ ಮೇಲಕ್ಕೆ ಬಾಗಿದ್ದುದನ್ನು ಮಗನೇ ಕಂಡುಹಿಡಿದು ಸರಿಪಡಿಸಿದ. ತಂದೆ ಆ ಜಾಗವನ್ನು ಎರಡು ಬಾರಿ ನೋಡಿ, ಏನೂ ಹೇಳದೆ, ಚಹಾ ತರಿಸಿದರು.

ಶ್ರಾವಣದ ಒಂದು ಬೆಳಗ್ಗೆ ಕೀಲಿ ತಿರುಗಿಸಿದರು. ಮೂರನೆಯ ಪ್ರಯತ್ನಕ್ಕೆ ಎಂಜಿನ್ನು ಹಿಡಿಯಿತು. ಹಳೆಯ ಬಡಿತವಿರಲಿಲ್ಲ, ಗಡುಸಾದ ಗುಡುಗಿನ ಮೇಲೆ ಸಣ್ಣಗೆ ಸಿಳ್ಳಿನಂಥ ಒಂದು ದನಿ. ಆ ಸಣ್ಣ ದನಿ ಹಿರಿಯರ ಕಿವಿಗೆ ಮುಟ್ಟಲಿಲ್ಲ. ಅವರು ಎದ್ದುಬಂದು ಮಡ್‌ಗಾರ್ಡಿನ ಮೇಲೆ ಅಂಗೈಯಿಟ್ಟು ಸ್ವಲ್ಪ ಹೊತ್ತು ನಿಂತರು. "ಬೇರೆ ಯಾರದೋ ಗಾಡಿ ಮುಟ್ಟಿದ ಹಾಗಿದೆ" ಎಂದರು.

ಹೊಸ ಎಂಜಿನ್ನಿನ ಸಂಖ್ಯೆಯನ್ನು ಅಧಿಕಾರಿಗಳು ಪರೀಕ್ಷಿಸಿ ಪುಸ್ತಕದಲ್ಲಿ ಬರೆಯುವುದು ಇನ್ನೂ ಬಾಕಿಯಿತ್ತು. ಆದಕಾರಣ ಜೀಪು ಅಂದು ಕ್ರಮಿಸಿದ ದೂರ ಹೊಂಗೆಮರದಿಂದ ಬಾಗಿಲವರೆಗೆ, ಇಪ್ಪತ್ತು ಅಡಿ. ಬಾಗಿಲ ಬಳಿ ನೆಲ ತುಸು ಇಳಿಜಾರು. ಮಗ ಅಲ್ಲಿ ನಿಲ್ಲಿಸಿ ಕೈಬ್ರೇಕು ಎಳೆದ. ಹಿರಿಯರು ಮುಸುಕಿಲ್ಲದ ಜೀಪಿನ ಹಿಂಬದಿಗೆ ಹೋಗಿ, ಆಸನದ ಕೆಳಗೆ ಕೈಹಾಕಿ, ವರ್ಷಗಳ ಎಣ್ಣೆಗೆ ಕಪ್ಪಾದ ಮರದ ಗಟ್ಟೆಯನ್ನು ಹೊರತೆಗೆದರು. ಇಷ್ಟು ತಿಂಗಳಲ್ಲಿ ಯಾರೂ ಅದನ್ನು ಗಮನಿಸಿರಲಿಲ್ಲ. ಗಾಲಿಗೆ ಅದನ್ನು ಕೊಟ್ಟು, ಚಪ್ಪಲಿಯ ತುದಿಯಿಂದ ಎರಡು ಬಾರಿ ಒತ್ತಿ ಬಿಗಿಮಾಡಿದರು.

ಎಂಜಿನ್ನು ಇನ್ನೂ ಓಡುತ್ತಿತ್ತು. "ಯಾಕೆ ಆರಿಸಲಿಲ್ಲ?" ಎಂದು ಕೇಳಿದರು.

"ಒಂದು ನಿಮಿಷ ತಾತ. ಒಳಗಿನ ಚಕ್ರ ಬಿಸಿಯಾಗಿರುತ್ತದೆ. ತಕ್ಷಣ ಆರಿಸಿದರೆ ಅದಕ್ಕೆ ಎಣ್ಣೆ ನಿಂತುಹೋಗುತ್ತದೆ."

ಹಿರಿಯರಿಗೆ ಎಷ್ಟು ಕೇಳಿಸಿತೋ. ಅವರು ಬಾಗಿಲ ಬದಿಯ ಕಲ್ಲಿನ ಮೇಲೆ ಕುಳಿತು, ಊರುಗೋಲನ್ನು ಮೊಣಕಾಲಿಗೆ ಒರಗಿಸಿ, ಆ ಒಂದು ನಿಮಿಷ ಕಳೆಯುವುದನ್ನು ಕಾದರು.