ಬೇಲಿಯ ಬಳ್ಳಿ

ಚಿಟ್ಟೆಗಳಿಗೂ ಬೇರೆ ಬೇರೆ ಕೇರಿಗಳಿವೆ ಎನ್ನುತ್ತಿದ್ದಳು ಅಮ್ಮ. ಆಗುಂಬೆ ಸೀಮೆಯ ನನ್ನ ತವರಿನಲ್ಲಿ ಅದು ನಿಜವೇ. ಹೊಳೆದಂಡೆಯ ಒದ್ದೆ ಮರಳಲ್ಲಿ ನೀಲಿ ಪಟ್ಟೆಯವು ಗುಂಪಾಗಿ ಕೂತು ಉಪ್ಪಿನಂಶ ಹೀರುತ್ತವೆ. ಹೆಚ್ಚಿನವು ಗಂಡುಗಳೇ, ಮೊಟ್ಟೆಯಿಡಲು ತಕ್ಕ ಗಿಡ ಹುಡುಕುವ ಹೆಣ್ಣಿಗೆ ಪುರುಸೊತ್ತೆಲ್ಲಿ! ಬಿಸಿಲು ನೆಲ ಮುಟ್ಟದ ದಟ್ಟ ಕಾಡಿನಲ್ಲಿ ಕಪ್ಪು ಚುಕ್ಕೆಯ ಬಿಳಿ ಚಿಟ್ಟೆಯೊಂದು ಹರಿದ ಕಾಗದದ ಚೂರಿನಂತೆ ತೇಲುತ್ತದೆ. ಪಶ್ಚಿಮ ಘಟ್ಟ ಬಿಟ್ಟರೆ ಅದು ಇನ್ನೆಲ್ಲೂ ಇಲ್ಲ. ನಮ್ಮ ಅಂಗಳಕ್ಕಂತೂ ಅದು ಬಂದದ್ದನ್ನು ಕಂಡವಳಲ್ಲ ನಾನು.

ಅಂಗಳಕ್ಕೆ ಬರುತ್ತಿದ್ದುದು ಕಪ್ಪು ಹಳದಿ ರೆಕ್ಕೆಯ, ಅಂಗೈಗಿಂತ ಅಗಲದ ದೊಡ್ಡ ಚಿಟ್ಟೆ. ಈಗ ಕರ್ನಾಟಕದ ರಾಜ್ಯ ಚಿಟ್ಟೆ ಅದೇ. ಅದು ಬಂದರೆ ಅಮ್ಮ ಕೈಯಲ್ಲಿದ್ದ ಪೊರಕೆಯನ್ನು ಹಾಗೇ ಹಿಡಿದು ನಿಲ್ಲುತ್ತಿದ್ದಳು.

ಅಮ್ಮ ತೀರಿಕೊಂಡು ವರ್ಷ ತುಂಬುವಾಗ ಬೇಲಿ ಚೊಕ್ಕಟ ಮಾಡಿಸಹೊರಟವಳು ನಾನೇ. ನೆಂಟರು ಬರುವವರಿದ್ದರಲ್ಲ! ಹಬ್ಬಿದ್ದ ಈಶ್ವರಿ ಬಳ್ಳಿಯನ್ನು ಬುಡಸಮೇತ ಕೀಳಿಸಿದೆ. ಎಲೆಗಳ ಮೇಲೆ ಮೈತುಂಬ ಮುಳ್ಳೆದ್ದಂಥ ಕಂದು ಹುಳುಗಳು. ಅಸಹ್ಯವೆನಿಸಿ ಬಳ್ಳಿಯೊಡನೆ ಬೆಂಕಿಗೆ ಹಾಕಿಸಿದೆ.

ಅವು ಆ ದೊಡ್ಡ ಚಿಟ್ಟೆಯ ಮರಿಗಳೆಂದು ಪುಸ್ತಕ ಓದಿ ತಿಳಿದದ್ದು ಆಮೇಲೆ. ಈಶ್ವರಿಯ ಬಳಗದ ಬಳ್ಳಿಗಳೇ ಅವುಗಳ ಊಟ. ಎಲೆಯ ವಿಷ ಮೈಗೂಡಿರುವುದರಿಂದ ಹಕ್ಕಿಗಳು ಅವುಗಳ ಗೊಡವೆಗೆ ಹೋಗುವುದಿಲ್ಲವಂತೆ. ಹಕ್ಕಿ ಬಿಟ್ಟದ್ದನ್ನು ನಾನು ಬಿಡಲಿಲ್ಲ.

ಮರುವರ್ಷ ಅಂಗಳಕ್ಕೆ ಆ ಚಿಟ್ಟೆ ಬರಲಿಲ್ಲ. ಹೋದ ಮಳೆಗಾಲದಲ್ಲಿ ಅಣ್ಣನಿಗೆ ದುಂಬಾಲು ಬಿದ್ದು ಈಶ್ವರಿಯ ಸಸಿ ನೆಡಿಸಿದ್ದೇನೆ. ಫೋನು ಮಾಡಿದಾಗಲೆಲ್ಲ ಅತ್ತಿಗೆಯನ್ನು ಕೇಳುತ್ತೇನೆ.

"ಬಳ್ಳಿ ಬೇಲಿ ಹತ್ತಿದೆ ಮಾರಾಯ್ತಿ. ಹುಳ ಇನ್ನೂ ಬಂದಿಲ್ಲ" ಎನ್ನುತ್ತಾರೆ.